ಹೊಳೆಗೆ ಬಿಟ್ಟ ಹಾರ್ಡ್ ಡಿಸ್ಕು

ಹರಿಹರದಲ್ಲಿ, ಹೊಳೆಗೆ ಹತ್ತಿರದ ಒಂದು ಬೀದಿಯಲ್ಲಿ, ಜಯತೀರ್ಥರಾಯರು ಎಂಬ ಗೃಹಸ್ಥರಿದ್ದರು. ದೇವರಲ್ಲಿ ಬಹಳ ಭಕ್ತಿ. ಪಂಚಾಂಗ ನೋಡದೆ ಉಗುರನ್ನೂ ತೆಗೆಯುತ್ತಿರಲಿಲ್ಲ. ಅವರ ದೇವರಮನೆಯ ಗೋಡೆಗೆ ಒತ್ತಿ, ಮಣೆಯೊಂದರ ಮೇಲೆ, ಒಂದು ಕಪ್ಪು ಪೆಟ್ಟಿಗೆ ಇತ್ತು. ಮನೆಯವರೆಲ್ಲ ಅದನ್ನು ಹಾಡಿನ ಪೆಟ್ಟಿಗೆ ಎನ್ನುತ್ತಿದ್ದರು.

ಆ ಪೆಟ್ಟಿಗೆಯೊಳಗೆ ಎರಡು ಹಾರ್ಡ್ ಡಿಸ್ಕುಗಳು. ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲೂ ತಾನಾಗಿಯೇ ಸೇರುತ್ತಿತ್ತು. ಒಂದು ಕೆಟ್ಟರೆ ಇನ್ನೊಂದಾದರೂ ಇರಲಿ ಎಂಬ ಏರ್ಪಾಡು ಅದು. ಭಜನಾ ಮಂಡಳಿಯ ಹೆಂಗಸರು ಬಂದಾಗ ಪೆಟ್ಟಿಗೆಯ ಹಾಡುಗಳನ್ನು ತಮ್ಮ ತಮ್ಮ ಫೋನಿನಲ್ಲಿ ಕೇಳಿ ಕಲಿಯುತ್ತಿದ್ದರು.

ಅದರಲ್ಲಿದ್ದದ್ದು ಹಿಂದೆ ಊರ ಹೆಂಗಸರಿಗೆ ದೇವರನಾಮ ಕಲಿಸುತ್ತಿದ್ದ ವೆಂಕೂಬಾಯಿಯವರ ಹಾಡುಗಳು. ಆ ತಾಯಿ ಹರಿಪಾದ ಸೇರಿ ಬಹಳ ವರ್ಷವಾಗಿತ್ತು. ದೇವರನಾಮದ ಮಾತು ಪುಸ್ತಕದಲ್ಲಿ ಸಿಗುತ್ತದೆ, ಹಾಡುವ ಧಾಟಿ ಸಿಗುವುದಿಲ್ಲ. ಧಾಟಿ ಇರುವುದು ಹಾಡಿದವರ ಕಂಠದಲ್ಲಿ. ಹಳೆಯ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಹಾಳಾಗುವ ಮುಂಚೆ ರಾಯರೇ ಕೂತು ಅವನ್ನೆಲ್ಲ ಪೆಟ್ಟಿಗೆಗೆ ತುಂಬಿಸಿದ್ದರು. ಅದು ದೊಡ್ಡ ಸೇವೆಯೇ, ಸಂಶಯವಿಲ್ಲ.

ವೆಂಕೂಬಾಯಿಯವರ ಶಿಷ್ಯೆಯರಲ್ಲಿ ಉಳಿದವರು ರಾಯರ ಅಕ್ಕ ರಮಾಬಾಯಿ ಒಬ್ಬರೇ. ಅವರು ತಮ್ಮನ ಮನೆಯಲ್ಲೇ ಇದ್ದರು. ವಯಸ್ಸಾಗಿ ದನಿ ಒಡೆದಿತ್ತು. "ಈ ಒಡಕು ದನೀಲಿ ದೇವರನ್ನ ಯಾಕೆ ಎಬ್ಬಿಸ್ಲಿ" ಎಂದು ಹಾಡುವುದನ್ನು ಬಿಟ್ಟು, ನಂದಾದೀಪದ ಸೇವೆಯನ್ನು ಮಾತ್ರ ಇಟ್ಟುಕೊಂಡಿದ್ದರು.

ಒಂದು ದಿನ ಪೆಟ್ಟಿಗೆ ತುಂಬಿಹೋಯಿತು. ಮಂಡಳಿಯವರ ಹೊಸ ಹಾಡುಗಳಿಗೆ ಜಾಗವಿರಲಿಲ್ಲ. ರಾಯರು ಪೇಟೆಬೀದಿಯ ಅಮಾನುಲ್ಲಾ ಅವರ ಕಂಪ್ಯೂಟರ್ ಅಂಗಡಿಗೆ ಹೋದರು.

"ಎಲ್ಲಕ್ಕಿಂತ ದೊಡ್ಡ ಡಿಸ್ಕು ಯಾವುದಿದೆಯೋ ಅದೇ ಕೊಡಿ ಸಾಹೇಬರೇ. ಮೊಮ್ಮಕ್ಕಳ ಕಾಲಕ್ಕೂ ಸಾಕಾಗಬೇಕು."

"ನಿಮ್ಮ ಪೆಟ್ಟಿಗೆ ಹಳೇದು ರಾಯರೇ. ಅಷ್ಟು ದೊಡ್ಡದನ್ನ ಅದು ಗುರುತೇ ಹಿಡಿಯಲ್ಲ. ಈ ಅಳತೆಯವು ಎರಡು ತಗೊಳ್ಳಿ, ಇದಕ್ಕೆ ಒಪ್ಪುತ್ತೆ" ಎಂದರು ಅಮಾನುಲ್ಲಾ. ಆಮೇಲೆ ಹಾಕುವ ಕ್ರಮವನ್ನೂ ಹೇಳಿಕೊಟ್ಟರು. "ಎರಡನ್ನೂ ಒಟ್ಟಿಗೆ ತೆಗೀಬೇಡಿ. ಮೊದಲು ಒಂದು ಹಳೇದು ತೆಗೆದು ಒಂದು ಹೊಸದು ಹಾಕಿ. ಒಳಗಿರೋ ಹಳೇದರಿಂದ ಹೊಸದಕ್ಕೆ ಎಲ್ಲ ಇಳಿಯುತ್ತೆ. ದೀಪ ಮಿಣುಕೋದು ನಿಂತು ಹಸಿರಾದ ಮೇಲೆ ಎರಡನೇದಕ್ಕೆ ಕೈ ಹಾಕಿ. ಒಂದಿಡೀ ದಿನ ಹಿಡೀಬಹುದು. ತೆಗೆದ ಹಳೇವು ಸ್ವಲ್ಪ ದಿನ ಬೀರುವಿನಲ್ಲಿರಲಿ."

"ಹಳೇದಕ್ಕೆ ಏನು ಮಾಡಬೇಕು ಅಂತ ನಮ್ಮಲ್ಲಿ ಒಂದು ಪದ್ಧತಿ ಇದೆ, ಬಿಡಿ" ಎಂದು ರಾಯರು ನಕ್ಕರು.

ಆ ಮನೆಯ ಪದ್ಧತಿ ಹೀಗಿತ್ತು. ದೇವರಿಗೆ ಸಂಬಂಧಪಟ್ಟ ಯಾವ ವಸ್ತುವೂ ಕೆಲಸ ಮುಗಿದ ಮೇಲೆ ಕಸದ ಬುಟ್ಟಿ ಸೇರಬಾರದು, ಮನೆಯ ಮೂಲೆಯಲ್ಲಿ ಧೂಳೂ ಹಿಡಿಯಬಾರದು. ಹಾಳೆ ಉದುರಿದ ಪಾರಾಯಣದ ಪುಸ್ತಕ, ಮುಕ್ಕಾದ ವಿಗ್ರಹ, ಪೆಟ್ಟಿಗೆಗೆ ತುಂಬಿಸಿ ಮುಗಿದ ಆ ಹಳೆಯ ಕ್ಯಾಸೆಟ್ಟುಗಳು, ಎಲ್ಲವೂ ಅದೇ ದಿನ ಹೊಳೆಗೆ. ಹರಿನಾಮ ತುಂಬಿದ ಡಿಸ್ಕಿಗೂ ಅದೇ ಮರ್ಯಾದೆ ಸಲ್ಲಬೇಕೆಂದು ರಾಯರು ನಿಶ್ಚಯಿಸಿದ್ದರು.

ಗುರುವಾರ ಬೆಳಿಗ್ಗೆ ಮುಹೂರ್ತ ನೋಡಿ ಕೆಲಸಕ್ಕೆ ಕೂತರು. ಅತ್ತ ದೇವರಮನೆಯಲ್ಲಿ ರಮಾಬಾಯಿ ನಂದಾದೀಪದ ಹಣತೆ ತಿಕ್ಕಲು ತೆಗೆಯುವವರಿದ್ದರು. ಪಕ್ಕದಲ್ಲಿ ಇನ್ನೊಂದು ಹಣತೆಗೆ ಎಣ್ಣೆ ಹಾಕಿ, ಹಳೆಯ ಬತ್ತಿಯಿಂದ ಹೊಸ ಬತ್ತಿಗೆ ಉರಿ ಮುಟ್ಟಿಸಿದರು. ಹೊಸ ಬತ್ತಿ ಮೊದಲು ಚಟಪಟ ಅಂದಿತು. ಅದು ಎಣ್ಣೆ ಹೀರಿ ನೆಟ್ಟಗೆ ಉರಿಯುವವರೆಗೆ ಅವರು ಸುಮ್ಮನೆ ಕೂತಿದ್ದರು. ಆಮೇಲೆಯೇ ಹಳೆಯದನ್ನು ಶಾಂತ ಮಾಡಿದ್ದು. ದಿನವೂ ಹಾಗೆಯೇ. ರಾಯರು ಹುಟ್ಟಿದಾಗಿನಿಂದ ಅದನ್ನು ನೋಡುತ್ತಲೇ ಬಂದವರು.

ರಾಯರು ಮೊದಲ ಹಳೆಯ ಡಿಸ್ಕನ್ನು ತೆಗೆದು ಹೊಸದನ್ನು ಹಾಕಿದರು. ಪೆಟ್ಟಿಗೆಯ ದೀಪ ಮಿಣುಕತೊಡಗಿತು. ತೆಗೆದ ಡಿಸ್ಕಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ದಳ ತುಳಸಿ ಇಟ್ಟು, ಮಡಿವಸ್ತ್ರದಲ್ಲಿ ಸುತ್ತಿದರು.

"ಎಲ್ಲಿಗೋ?" ಎಂದರು ರಮಾಬಾಯಿ.

"ಹೊಳೆಗೆ ಅಕ್ಕ. ರಾಹುಕಾಲ ಬರೋದ್ರೊಳಗೆ ಬಿಟ್ಟು ಬಂದುಬಿಡ್ತೀನಿ."

"ಪೆಟ್ಟಿಗೆ ಇನ್ನೂ ಮಿಣಮಿಣ ಅಂತಿದೆಯಲ್ಲೋ. ಅದೇನೋ ಮುಗೀಲಿ, ಆಮೇಲೆ ಹೋಗು."

"ಅದು ನಾಳೆವರೆಗೂ ಮಿಣುಕುತ್ತೆ. ಇದನ್ನ ರಾತ್ರಿಯೆಲ್ಲ ಮನೇಲಿಟ್ಕೋಬೇಕಾ? ಎಲ್ಲ ಹಾಡೂ ಒಳಗಿರೋ ಇನ್ನೊಂದರಲ್ಲಿದೆ ಅಕ್ಕ. ಇದರ ಕೆಲಸ ಮುಗೀತು."

"ನಿನಗೆ ಗೊತ್ತಪ್ಪ. ನಮಗಿಂತ ರಾಹುವಿಗೇ ಅವಸರ ನಿನ್ನ ಮನೇಲಿ" ಎಂದು ರಮಾಬಾಯಿ ಒಳಗೆ ಹೋದರು.

ರಾಯರು ಹರಿಗೋಲಿನಲ್ಲಿ ನಡುಹೊಳೆಗೆ ಹೋಗಿ, ಕೈಮುಗಿದು, ಮಂತ್ರ ಹೇಳಿ, ಡಿಸ್ಕನ್ನು ಮಡುವಿಗೆ ಬಿಟ್ಟರು. ತಾಯಿ ತುಂಗಭದ್ರೆ ತಾನು ಕೇಳದ್ದನ್ನೂ ತೆಗೆದುಕೊಳ್ಳುವವಳು. ತೆಗೆದುಕೊಂಡಳು.

ಮನೆಗೆ ಬಂದರೆ ಪೆಟ್ಟಿಗೆಯ ದೀಪ ಕೆಂಪಾಗಿತ್ತು.

ಒಳಗೆ ಉಳಿದಿದ್ದ ಡಿಸ್ಕೂ ಹಳೆಯದೇ. ಇಷ್ಟು ವರ್ಷ ದಿನಕ್ಕೊಂದೆರಡು ಹಾಡು ಕೊಟ್ಟುಕೊಂಡು ಇತ್ತು. ಈಗ ಒಂದೇ ಉಸಿರಿಗೆ ಮೊದಲಿಂದ ಕೊನೆವರೆಗೆ ಎಲ್ಲವನ್ನೂ ಕೊಡು ಎಂದಾಗ ಅದಕ್ಕೆ ಆಗಲಿಲ್ಲ. ನಡುವೆಯೇ ನಿಂತುಬಿಟ್ಟಿತ್ತು.

ರಾಯರು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಅಂಗಡಿಗೆ ಹೋದರು. ಅಮಾನುಲ್ಲಾ ನೋಡಿ, "ಹೆದರಬೇಡಿ, ಹಳೇ ಡಿಸ್ಕಿನಲ್ಲಿ ಇಂಥದ್ದು ಆಗೋದೇ. ಬೆಳಿಗ್ಗೆ ಒಂದು ತೆಗೆದ್ರಲ್ಲ, ಅದು ಚೆನ್ನಾಗಿತ್ತು ತಾನೇ? ಅದನ್ನ ತನ್ನಿ. ಅದರಲ್ಲಿ ಎಲ್ಲ ಇರುತ್ತೆ" ಎಂದರು.

ರಾಯರು ಹೊಳೆಯ ಕಡೆ ನೋಡಿದರು.

"ಎಲ್ಲಿದೆ ರಾಯರೇ?"

"ಹೊಳೇಲಿ."

ಅಮಾನುಲ್ಲಾ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ನಗಲಿಲ್ಲ, ಬೈಯಲೂ ಇಲ್ಲ. ಉಳಿದ ಡಿಸ್ಕನ್ನು ತಮ್ಮಲ್ಲೇ ಇಟ್ಟುಕೊಂಡು, ಬಹಳ ದಿನ ತಾಳ್ಮೆಯಿಂದ ಒಂದೊಂದೇ ಹಾಡು ತೆಗೆದುಕೊಟ್ಟರು. ಉದಯದಲ್ಲಿ ದೇವರನ್ನು ಎಬ್ಬಿಸುವ ಹಾಡುಗಳು ಬಂದವು. ಪೂಜೆಯ ಹಾಡು, ಆರತಿಯ ಹಾಡು ಬಂದವು. ಬಾಲಕೃಷ್ಣನನ್ನು ತೊಟ್ಟಿಲಲ್ಲಿ ತೂಗಿ ಮಲಗಿಸುವ ಹಾಡುಗಳು ಮಾತ್ರ ಒಂದೂ ಬರಲಿಲ್ಲ.

ಡಿಸ್ಕು ಹೊಳೆ ಸೇರಿದ ದಿನದಿಂದ ಮನೆಯಲ್ಲಿ ಸಂಜೆ ದೇವರಮನೆಯ ಕೃಷ್ಣನ ತೊಟ್ಟಿಲು ತೂಗುವಾಗ ಹಾಡಿರಲಿಲ್ಲ. ಮಂಡಳಿಯ ಹೆಂಗಸರು ಆ ಧಾಟಿಗಳನ್ನು ಇನ್ನೂ ಕಲಿತಿರಲಿಲ್ಲ. ಪೆಟ್ಟಿಗೆಯಲ್ಲಿ ಹೇಗೂ ಇದೆಯಲ್ಲ, ಯಾವಾಗಲಾದರೂ ಕಲಿತರಾಯಿತು ಎಂದುಕೊಂಡಿದ್ದರು. ರಾಯರು ತೊಟ್ಟಿಲ ಹಗ್ಗ ಹಿಡಿದು ಸುಮ್ಮನೆ ತೂಗುತ್ತಿದ್ದರು. ಕೊಂಡಿ ಕಿರ್ ಕಿರ್ ಅನ್ನುವುದು ಕೇಳಿಸುತ್ತಿತ್ತು.

ಎಷ್ಟೋ ದಿನ ಹೀಗೆ ನಡೆಯಿತು. ಒಂದು ಸಂಜೆ ರಾಯರು ಅಕ್ಕನ ಎದುರು ಕೂತು, "ಅಕ್ಕ, ನಾನು ಭಕ್ತಿಯಿಂದಲೇ ಮಾಡಿದೆ" ಎಂದರು. ಕಣ್ಣಲ್ಲಿ ನೀರಿತ್ತು.

"ಭಕ್ತಿ ಇತ್ತು, ನಾನೇ ನೋಡಿದೀನಲ್ಲ. ಕಾಯೋದೂ ಒಂದು ಸೇವೆ ಕಣೋ. ಅದೊಂದನ್ನ ಬಿಟ್ಟೆ." ರಮಾಬಾಯಿ ತೊಟ್ಟಿಲ ಕಡೆ ತಿರುಗಿದರು. "ಕೃಷ್ಣ ಹಾಡಿಲ್ಲದೆ ಮಲಗಬೇಕಾ? ಮಂಡಳಿಯವರನ್ನ ಕರಿ. ಒಡಕೋ ಗಿಡಕೋ, ಇರೋ ದನೀಲೇ ಹೇಳ್ತೀನಿ."

ಮರುದಿನ ಹೆಂಗಸರೆಲ್ಲ ಬಂದು ಕೂತರು. ಅಮಾನುಲ್ಲಾ ತೆಗೆದುಕೊಟ್ಟ ಹಾಡುಗಳನ್ನು ತುಂಬಿಕೊಂಡ ಹೊಸ ಡಿಸ್ಕುಗಳೆರಡೂ ಪೆಟ್ಟಿಗೆಯಲ್ಲಿ ಹಸಿರು ದೀಪ ತೋರಿಸುತ್ತಿದ್ದವು. ಹಾಡು ಹಿಡಿದಿಟ್ಟುಕೊಳ್ಳಲು ರಾಯರು ಫೋನು ಮುಂದಿಟ್ಟರು. ರಮಾಬಾಯಿ ಕಣ್ಣು ಮುಚ್ಚಿ, ಗುರುಗಳನ್ನು ನೆನೆದು, ಮೊದಲ ತೊಟ್ಟಿಲ ಹಾಡು ಎತ್ತಿದರು. ಮೇಲಕ್ಕೆ ಹೋಗುವಲ್ಲಿ ದನಿ ಬಿರಿಯುತ್ತಿತ್ತು. ಅಲ್ಲಿ ಕೈಯಿಂದ ದಾರಿ ತೋರಿಸುತ್ತಿದ್ದರು. ಹೆಂಗಸರು ಆ ಕೈ ನೋಡಿ ಹಾಡುತ್ತಿದ್ದರು.

ಹಾಡು ಮುಗಿಯಿತು. ರಾಯರು ಫೋನು ನೋಡಿ, "ಬಂತು ಅಕ್ಕ, ಚೆನ್ನಾಗಿ ಬಂತು. ಇನ್ನೊಂದು ಹೇಳು" ಎಂದರು.

"ನಿಲ್ಲೋ" ಎಂದರು ರಮಾಬಾಯಿ. "ನಿನ್ನ ಫೋನಿಗೆ ಬಂದಿದೆ. ಇವರ ಬಾಯಿಗೆ ಇನ್ನೂ ಬಂದಿಲ್ಲ. ಇದು ಕೂತ ಮೇಲೆ ಮುಂದಿನದು."

ಅದೇ ಹಾಡನ್ನು ಅವರು ಮತ್ತೆ ಹೇಳಿದರು. ಆಮೇಲೆ ಮತ್ತೆ. ಹೊತ್ತು ಇಳಿಯಿತು. ಕೊನೆಗೆ ರಮಾಬಾಯಿ ತಾವು ಬಾಯಿ ಮುಚ್ಚಿದರು. ಹೆಂಗಸರ ಹಾಡು ನಿಲ್ಲಲಿಲ್ಲ. ರಾಯರು ತೊಟ್ಟಿಲ ಹಗ್ಗ ಹಿಡಿದು ತೂಗಿದರು. ಅಂದು ಅವರು ಪಂಚಾಂಗವನ್ನು ನೋಡಿರಲಿಲ್ಲ.

ಹಾಡು ಕೊಟ್ಟು ದಣಿದ ಆ ಎರಡನೆಯ ಹಳೆಯ ಡಿಸ್ಕು ಈಗಲೂ ರಾಯರ ಬೀರುವಿನಲ್ಲಿದೆ. ಅದರ ಮೇಲೊಂದು ತುಳಸಿದಳ ಇಡುತ್ತಾರೆ. ಹೊಳೆಗೆ ಯಾವಾಗ ಬಿಡುತ್ತೀರಿ ಎಂದು ಅಮಾನುಲ್ಲಾ ಕೇಳಿದರೆ, "ಅದಕ್ಕೇನು ಅವಸರ ಸಾಹೇಬರೇ" ಎನ್ನುತ್ತಾರೆ.

ನೀತಿ: ಹೊಸದು ತುಂಬಿ ತಾನಾಗಿ ನಿಲ್ಲುವವರೆಗೆ ಹಳೆಯದರ ಕೈ ಬಿಡಬಾರದು. ಭಕ್ತಿಯಿಂದ ಮಾಡಿದರೂ ಅವಸರ ಅವಸರವೇ. ಒಳ್ಳೆಯ ಗಳಿಗೆಯನ್ನು ಹುಡುಕುವವರು, ಕೆಲಸ ಮುಗಿಯುವ ಗಳಿಗೆಯನ್ನೂ ಕಾಯಬೇಕು. ಅದನ್ನೂ ಭಗವಂತನೇ ಕೊಟ್ಟಿರುತ್ತಾನೆ.