ಹೊನ್ನಾಜಮ್ಮನ ಹೂಗಿಡಕ್ಕೆ ಚಲುವನ ಕಾವಲು

ಹೂಂಗುಟ್ತಾ ಕೇಳ್ರಪ್ಪಾ. ನೀವು ಹೂಂ ಅನ್ನೋದು ನಿಲ್ಲಿಸಿದ್ರೆ ನಾನೂ ಬಾಯಿ ಮುಚ್ಚಿಬಿಡ್ತೀನಿ.

ಹೊನ್ನಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಚಲುವ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ದೇವರೇ, ಇವನನ್ನ ಕಟ್ಟಿಕೊಂಡು ಹೆಂಗಪ್ಪಾ ಬಾಳೋದು!" ಅಂತ ತಾಯಿ ದಿನಾ ಹಣೆ ಚಚ್ಚಿಕೊಳ್ಳೋಳು.

ಗೋಡೆಯಾಚೆ ಓರಗಿತ್ತಿ ಸಾಕಮ್ಮನ ಮನೆ. ಸಾಕಮ್ಮನ ಜಗಲಿ ಮೇಲೊಂದು ಕುಂಡ, ಕುಂಡದಲ್ಲೊಂದು ಅಡೇನಿಯಂ ಗಿಡ. ಬುಡ ಗೆಡ್ಡೆ ಹಾಗೆ ದಪ್ಪ, ತಲೆ ತುಂಬ ಕೆಂಪು ಹೂ. ಬೀದೀಲಿ ಹೋಗೋರೆಲ್ಲ ನಿಂತು, "ಸಾಕಮ್ಮಾ, ಏನು ಹೂವೇ ತಾಯಿ!" ಅನ್ನೋರು. ಆ ಮಾತು ಕಿವಿಗೆ ಬಿದ್ದರೆ ಹೊನ್ನಾಜಮ್ಮನಿಗೆ ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ.

"ಲೋ ಚಲುವಾ, ನರ್ಸರಿಗೆ ಹೋಗಿ ಅಂಥದ್ದೇ ಗಿಡ ತಗೊಂಡು ಬಾ. ಸಾಕಮ್ಮನ ಕಣ್ಣಿಗೆ ಮಾತ್ರ ಬೀಳಬಾರದು!"

ಚಲುವ ಗಿಡ ತಂದ. ನೆಟ್ಟಗೆ ಸಾಕಮ್ಮನ ಬಾಗಿಲಿಗೇ ಹೋದ. "ಚಿಕ್ಕವ್ವಾ, ಚಿಕ್ಕವ್ವಾ! ಕಣ್ಣು ಮುಚ್ಕೋ! ಅವ್ವ ನಿನ್ನ ಗಿಡದಂಥದ್ದೇ ತರಿಸಿದ್ದಾಳೆ. ನಿನ್ನ ಕಣ್ಣಿಗೆ ಬೀಳಬಾರದಂತೆ!"

ಸಾಕಮ್ಮ ನಗು ತಡಕೊಂಡು ಕಣ್ಣು ಮುಚ್ಚಿದಳು. ಹೊನ್ನಾಜಮ್ಮ ಬಾಗಿಲ ಸಂದಿಯಿಂದ ನೋಡಿ ಭೂಮಿಗಿಳಿದು ಹೋದಳು.

"ಅಯ್ಯೋ ಪೆದ್ದೇ! ಗಿಡದ ವಿಚಾರ ಯಾರು ಕೇಳಿದ್ರೂ ತುಟಿ ಬಿಚ್ಚಬಾರದು ಕಣ್ಲಾ!"

"ಆಯ್ತವ್ವಾ, ಬಿಚ್ಚಲ್ಲ."

ಮಾರನೇ ದಿನ ಜಡಿಮಳೆ. ಒಳಗಿಂದ ತಾಯಿ ಕೂಗಿದಳು: "ಚಲುವಾ, ಗಿಡ ನೆನೀತಿದೆಯೇನ್ಲಾ?" ಚಲುವ ಕುಂಡದ ಪಕ್ಕದಲ್ಲೇ ನಿಂತಿದ್ದ. ತುಟಿ ಬಿಚ್ಚಲಿಲ್ಲ. "ಲೋ, ನೆನೀತಿದೆಯಾ?" ಬಿಚ್ಚಲಿಲ್ಲ! ಅವಳು ಹೊರಗೆ ಬಂದು ನೋಡಿದರೆ ಕುಂಡ ತುಂಬಿ ತುಳುಕುತ್ತಿತ್ತು.

"ಹಾಳಾದೋನೇ! ನೀರು ನಿಂತರೆ ಇದರ ಬುಡ ಕೊಳೆಯುತ್ತೆ! ಇದಕ್ಕೆ ಬೇಕಿರೋದು ಬಿಸಿಲು. ಬೆಳಿಗ್ಗೆ ಎದ್ದ ಕೂಡಲೇ ಎಲ್ಲಿ ಬಿಸಿಲಿದೆಯೋ ಅಲ್ಲಿಡು!"

"ಆಯ್ತವ್ವಾ, ಇಡ್ತೀನಿ."

ಮಳೆ ನಿಂತಿತು, ಬಿಸಿಲು ಬಂತು. ಬೆಳಗಿನ ಬಿಸಿಲು ಬೀಳೋದು ಎಲ್ಲಿ? ಸಾಕಮ್ಮನ ಜಗಲಿ ಮೇಲೆ! ಚಲುವ ಅಲ್ಲೇ ಇಟ್ಟು ಬಂದ, ದಿನಾ ಇಟ್ಟು ಬಂದ. ಗಿಡ ಚೇತರಿಸಿಕೊಂಡು ಹೂ ಬಿಟ್ಟಿತು. ಬೀದಿಯವರು ನಿಂತು, "ಸಾಕಮ್ಮಾ, ಇದೂ ನಿಂದೇನೇ? ನಿನ್ನ ಕೈಗುಣವೇ ಕೈಗುಣ!" ಅಂದರು.

ಹೊನ್ನಾಜಮ್ಮ ಓಡಿ ಬಂದು ಕುಂಡ ತಬ್ಬಿಕೊಂಡಳು. "ಇದು ನಂದು! ನಂದು!"

"ನಿಂದೇ ಅಕ್ಕಾ," ಅಂದಳು ಸಾಕಮ್ಮ. "ಕೊಂಬೆ ತುದಿ ಕತ್ತರಿಸು, ಕವಲೊಡೆದು ಇನ್ನೂ ಹೂ ಬಿಡುತ್ತೆ. ಹಾಲು ಸೋರುತ್ತೆ, ಅದು ವಿಷ. ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೋ, ಕಣ್ಣು ಮುಟ್ಕೋಬೇಡ. ಮೇಕೆ ಬಾಯಿ ಹಾಕದ ಹಾಗೆ ನೋಡ್ಕೋ."

"ಇವಳಿಗೆ ಗೊತ್ತಿರೋದು ನನಗೆ ಗೊತ್ತಿಲ್ವಾ!" ಅಂತ ಹೊನ್ನಾಜಮ್ಮ ಗೊಣಗಿದಳು. ಮನೆಗೆ ಬಂದು ಹಾಗೇ ಮಾಡಿದಳು. ಮಗನಿಗೂ ಹೇಳಿದಳು: "ಹಾಲು ವಿಷ ಕಣ್ಲಾ. ಯಾರಾದ್ರೂ ಬಾಯಿಗಿಡೋಕೆ ಹೋದ್ರೆ ಜೋರಾಗಿ ಕೂಗು!"

"ಆಯ್ತವ್ವಾ, ಕೂಗ್ತೀನಿ."

ಬೇಸಿಗೆ ಬರೋ ಹೊತ್ತಿಗೆ ಗಿಡ ಕವಲೊಡೆದು, ಎಲೆ ಕಾಣದ ಹಾಗೆ ಹೂ ಬಿಟ್ಟಿತು. ಹೊನ್ನಾಜಮ್ಮ ಹೊಸ ಸೀರೆ ಉಟ್ಟಳು. ಬೀದಿ ಹೆಂಗಸರನ್ನೆಲ್ಲ ಕರೆದಳು, ಸಾಕಮ್ಮನನ್ನ ಬಿಟ್ಟು. ಬಂದವರು ಗಿಡ ನೋಡಿ ಬಾಯಿ ತುಂಬ ಹೊಗಳಿದರು. ಹೊನ್ನಾಜಮ್ಮ ಹಿರಿಹಿರಿ ಹಿಗ್ಗಿ ಗಟ್ಟಿ ಹಾಲಿನ ಕಾಫಿ ತಂದುಕೊಟ್ಟಳು. ಇನ್ನೇನು ಲೋಟ ತುಟಿಗೆ ಹೋಗಬೇಕು...

"ಹಾಲು ವಿಷ! ಹಾಲು ವಿಷ! ಕುಡೀಬೇಡಿ! ಅವ್ವನೇ ಹೇಳಿದ್ದು!"

ಲೋಟಗಳು ನೆಲಕ್ಕೆ ಬಿದ್ದವು. ಹೆಂಗಸರು ಎದ್ದೆವೋ ಬಿದ್ದೆವೋ ಅಂತ ಓಡಿದರು. ಸಾಕಮ್ಮನ ಜಗಲಿ ಮೇಲೆ ಕೂತು, ಅವಳು ಕೊಟ್ಟ ಮಜ್ಜಿಗೆ ಕುಡಿದು ಸುಧಾರಿಸಿಕೊಂಡರು.

"ಮುಠ್ಠಾಳ! ಗಿಡದ ಹಾಲು ಕಣೋ ನಾನು ಹೇಳಿದ್ದು! ಬಾಯಿ ಬಡ್ಕೊಳ್ಳೋದೊಂದು ಗೊತ್ತು ನಿಂಗೆ. ಏನಾದ್ರೂ ಅನಾಹುತ ಆದಾಗ ಮೊದಲು ಕೈ ಓಡಿಸಬೇಕು, ಕೈ!"

"ಆಯ್ತವ್ವಾ, ಓಡಿಸ್ತೀನಿ."

ಅಷ್ಟರಲ್ಲಿ ಗೋಡೆಯಾಚೆಯಿಂದ, "ಸಾಕಮ್ಮಾ, ನಿನ್ನ ಹೂವೇ ಚೆಂದ ಬಿಡೇ!" ಅಂತ ಕೇಳಿಸಿತು. ಹೊನ್ನಾಜಮ್ಮ ಕುಸಿದು ಕೂತಳು.

"ಅಯ್ಯಯ್ಯೋ! ಅವಳ ಹೂ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣ್ಲಾ! ಧಗಧಗಾಂತ ಉರೀತಿದೆ!"

ಚಲುವ ಗಾಬರಿಯಾದ. ಸಾಕಮ್ಮನ ಅಂಗಳಕ್ಕೆ ನುಗ್ಗಿದ. "ಚಿಕ್ಕವ್ವಾ, ಕೊಡ ಎಲ್ಲಿ? ನಿನ್ನ ಹೂ ನೋಡಿ ಅವ್ವನ ಹೊಟ್ಟೆ ಉರೀತಿದೆ!" ಅಂದವನೇ ತುಂಬಿದ ಕೊಡ ಎತ್ತಿಕೊಂಡು ಓಡಿದ. ತಾಯಿ ಏಳೋದರೊಳಗೆ ಹೊಸ ಸೀರೆ ಮೇಲೆ ದಬದಬ ಸುರಿದ. ಬೀದಿಗೆ ಬೀದಿಯೇ ಬಂದು ನಿಂತಿತು.

"ಆರಿತಾ ಅವ್ವಾ? ಇನ್ನೊಂದು ಕೊಡ ತರಲಾ?"

"ಆರಿತು ಕಣಪ್ಪಾ," ಅಂದಳು ಹೊನ್ನಾಜಮ್ಮ, ಸಣ್ಣ ದನಿಯಲ್ಲಿ. "ಪೂರಾ ಆರಿತು."

ಸಾಕಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಓರಗಿತ್ತಿಯ ತಲೆ ಒರೆಸತೊಡಗಿದಳು. "ಬಾ ಅಕ್ಕಾ, ಎರಡು ಗಿಡವನ್ನೂ ನಿನ್ನ ಜಗಲಿ ಮೇಲೇ ಇಡೋಣ," ಅಂದಳು. ಹೊನ್ನಾಜಮ್ಮನಿಗೆ ಅಳು ಬಂತೋ ನಗು ಬಂತೋ, ಅವಳ ಕೈ ಹಿಡಕೊಂಡಳು.

ಹಿಂದಿನಿಂದ ಚಲುವ ಬಂದ. ಎರಡನೇ ಕೊಡವನ್ನ ಸಾಕಮ್ಮನ ತಲೆ ಮೇಲೆ ಬೋರಲು ಹಾಕಿದ.

"ಪಕ್ಕದಲ್ಲೇ ಕೂತಿದ್ದೀಯಲ್ಲ ಚಿಕ್ಕವ್ವಾ! ನಿಂಗೂ ಹತ್ಕೊಂಡ್ರೆ?"