ಇಳಿಯುವ ಕಾರು, ಏರುವ ಲಾರಿ

ರೇಸಿನ ವಿಡಿಯೋ ಗೇಮ್ ಒಂದಕ್ಕೆ ಹೊಸದೇನು ಬೇಕೆಂದು ಕೇಳಿದಾಗ ಆಡುವವರು ಹಿಮದ ದಾರಿ ಕೇಳಿದರು. ಕೆಲವರಿಗೆ ಭೂಮಿಯೇ ಸಾಲದೆ ಚಂದ್ರನ ಮೇಲೊಂದು ದಾರಿ ಬೇಕಾಯಿತು. ಒಬ್ಬಳು ಮಾತ್ರ ಶಿರಾಡಿ ಘಾಟಿ ಕೇಳಿದಳು. ಎಲ್ಲವೂ ಬಂದವು.

ಘಾಟಿಯಲ್ಲಿ ಎಲ್ಲರಿಗಿಂತ ಮುಂದೆ ಇಳಿಯುತ್ತಿದ್ದ ಕೆಂಪು ಕಾರಿಗೆ ತಿರುವಿನಲ್ಲಿ ಲೋಡು ಹೊತ್ತ ಲಾರಿ ಎದುರಾಯಿತು.

“ದಾರಿ ಬಿಡು, ಇದು ರೇಸು” ಎಂದಿತು ಕಾರು.

“ಘಾಟಿಯಲ್ಲಿ ಇಳಿಯುವವರು ನಿಲ್ಲಬೇಕು, ಏರುವವರು ಹೋಗಬೇಕು. ಇಲ್ಲಿ ನಿಂತರೆ ನಾನು ಹಿಂದಕ್ಕೆ ಜಾರುತ್ತೇನೆ” ಎಂದಿತು ಲಾರಿ.

“ಇಂಥ ನಿಯಮವನ್ನು ಆಟದೊಳಗೆ ತಂದವರು ಯಾರು?”

“ಘಾಟಿ ಕೇಳಿದವಳೇ, ಗುಂಡ್ಯದ ಜಮೀಲಾ. ಅವಳ ತಂದೆ ದಿನಾ ಲೋಡು ಹಾಕಿಕೊಂಡು ಈ ಘಾಟಿ ಹತ್ತುತ್ತಾರೆ. ಇಳಿದು ಬರುವವರು ಒಂದು ಗಳಿಗೆ ನಿಲ್ಲಲಿ ಎಂದಷ್ಟೇ ಅವಳು ಕೇಳಿದ್ದು.”

ಕಾರು ಪಕ್ಕಕ್ಕೆ ಸರಿದು ನಿಂತಿತು. ಲಾರಿ ಸಣ್ಣಗೆ ಹಾರ್ನ್ ಹೊಡೆದು ಏರಿ ಹೋಯಿತು. ಅಷ್ಟರಲ್ಲಿ ಹಿಂದಿದ್ದ ಕಾರುಗಳೆಲ್ಲ ಸಂದಿಯಲ್ಲಿ ನುಸುಳಿ ಮುಂದಾಗಿದ್ದವು. ಕೆಂಪು ಕಾರು ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿತು.

ಮರುದಿನ ಅದರ ಪಾಲಿಗೆ ಚಂದ್ರನ ದಾರಿ ಸಿಕ್ಕಿತು. ಎದುರಿಗೆ ಯಾವ ಗಾಡಿಯೂ ಬರದ ಆ ದಾರಿಯ ಮೊದಲ ತಿರುವಿನಲ್ಲೂ ಅದು ನಿಧಾನಿಸಿ, ಹಾರ್ನ್ ಹೊಡೆದು, ಒಂದು ಗಳಿಗೆ ಕಾಯಿತು.