ಅಳಿಲಮ್ಮನ ದತ್ತಿ

ಹುಣಸೆಮರದ ಅಳಿಲಮ್ಮನ ಮರಿ ಕೆಮ್ಮಿ ಕೆಮ್ಮಿ ತೀರಿಹೋಯಿತು. ಅದಕ್ಕೆಂದು ಕೂಡಿಟ್ಟ ಕಡಲೆಕಾಯಿ ಪೊಟರೆಯ ತುಂಬ ಹಾಗೇ ಉಳಿಯಿತು. ಹನ್ನೊಂದನೆಯ ದಿನ ಅವಳು ಗಿಳಿಯನ್ನು ಕರೆದು ಹೇಳಿದಳು: "ಗಿಳಿಯಪ್ಪಾ, ಈ ಪೊಟರೆ ಇನ್ನು ನನ್ನದಲ್ಲ. ಈ ಕೆಮ್ಮಿಗೆ ಮದ್ದು ಹುಡುಕುವವರದು. ಇವತ್ತು ನೀನು, ನಿನ್ನ ನಂತರ ಇನ್ನೊಬ್ಬರು. ಹೊಟ್ಟೆಯ ಚಿಂತೆ ಬಿಟ್ಟು ಹುಡುಕು."

ಗಿಳಿ ದಿನವಿಡೀ ಎಲೆ, ಬೇರುಗಳ ರುಚಿ ನೋಡಿ ಸಂಜೆ ಮರಳುತ್ತಿತ್ತು. "ಸಿಕ್ಕಿತೇ?" ಎಂದು ಅಳಿಲಮ್ಮ ಪೊಟರೆಯ ಬಾಯಲ್ಲೇ ನಿಂತು ಕೇಳುತ್ತಿದ್ದಳು. ಇಲ್ಲವೆಂದರೆ ಅವಳ ಮುಖ ಬಾಡುತ್ತಿತ್ತು. ಎದುರಿದ್ದವರಿಗೆ ಹಿತವಾದದ್ದನ್ನೇ ಆಡುವುದು ಗಿಳಿಯ ಹುಟ್ಟುಗುಣ. ಒಂದು ಸಂಜೆ ಅದು ಎಲೆಯೊಂದನ್ನು ತಂದು, "ಸಿಕ್ಕಿತು, ಅಳಿಲಮ್ಮ!" ಎಂದುಬಿಟ್ಟಿತು.

ಅಳಿಲಮ್ಮ ಎಲೆ ಕಚ್ಚಿಕೊಂಡು ಪಕ್ಕದ ಕೊಂಬೆಗೆ ಓಡಿದಳು. ಅಲ್ಲಿ ನೆರೆಯವಳ ಮರಿ ಕೆಮ್ಮುತ್ತಿತ್ತು. ಅದು ಆಸೆಯಿಂದ ಬಾಯಿ ತೆರೆಯಿತು.

"ಕೊಡಬೇಡಿ!" ಗಿಳಿ ಚೀರಿತು. "ಅದು ಮದ್ದಲ್ಲ. ತಿಂದ ನನಗೇ ಕಣ್ಣು ಕತ್ತಲೆಗಟ್ಟಿತು. ನಿಮ್ಮ ಬಾಡಿದ ಮುಖ ನೋಡಲಾರದೆ ಸುಳ್ಳು ಹೇಳಿದೆ."

ಅಳಿಲಮ್ಮ ಆ ಎಲೆಯನ್ನು ಹಿಂದಕ್ಕೆ ತಂದು, ಮುಂದೆ ಬರುವವರಿಗೆ ಕಾಣುವಂತೆ ಪೊಟರೆಯ ಬಾಯಿಗೆ ಸಿಕ್ಕಿಸಿದಳು. "ಇದನ್ನು ಇನ್ನು ಯಾರೂ ತಿಂದು ನೋಡಬೇಕಿಲ್ಲ," ಎಂದಳು.

ಮರುದಿನ ಸಂಜೆ ಗಿಳಿ ತಲೆ ತಗ್ಗಿಸಿಕೊಂಡೇ ಬಂತು. ಅಳಿಲಮ್ಮ ಕಡಲೆಕಾಯಿ ಸುಲಿದು ಅದರ ಮುಂದಿಟ್ಟಳು.

"ಮೊದಲು ತಿನ್ನು," ಎಂದಳು. "ಆಮೇಲೆ ಹೇಳು, ಇವತ್ತು ಯಾವುದು ಮದ್ದಲ್ಲವೆಂದು ಗೊತ್ತಾಯಿತು?"